ಊರಿನ ಟಿವಿ ಊರು ಬಿಟ್ಟು ಬರುವುದಿಲ್ಲ
(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಫೀನಿಕ್ಸ್ ನಗರದಲ್ಲಿ ನಾನು ಮೂರು ವರ್ಷ ಇದ್ದೆ. ನಮ್ಮ ಪಕ್ಕದ ಮನೆಯಲ್ಲಿ ಪಿಟ್ಸ್‌ಬರ್ಗ್‌ನಿಂದ ಬಂದ ಹಿರಿಯರೊಬ್ಬರಿದ್ದರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಂಡಿನೋವಿಗೆ ಮರುಭೂಮಿಯ ಒಣಹವೆ ಒಳ್ಳೆಯದೆಂದು ಮಗಳು ಅಲ್ಲಿಗೆ ಕರೆತಂದಿದ್ದಳು. ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದರೆ, ಟಿವಿಯಲ್ಲಿ ಯಾವುದೋ ಎರಡು ತಂಡಗಳ ಫುಟ್‌ಬಾಲ್ ನಡೆಯುತ್ತಿತ್ತು, ಆದರೆ ಅದರ ಧ್ವನಿ ಬಂದ್ ಆಗಿರುತ್ತಿತ್ತು. ಮೇಜಿನ ಮೇಲಿನ ಫೋನಿನಿಂದ ಇನ್ನಾವುದೋ ಪಂದ್ಯದ ಕಾಮೆಂಟರಿ ಕೇಳುತ್ತಿತ್ತು. ಪಿಟ್ಸ್‌ಬರ್ಗ್‌ನಲ್ಲಿ ಅವರ ತಂಗಿ ತನ್ನ ಫೋನನ್ನು ಟಿವಿ ಮುಂದೆ ಇಟ್ಟು ಅಡುಗೆಮನೆ ಕೆಲಸಕ್ಕೆ ಹೋಗಿರುತ್ತಿದ್ದಳು. ಅಣ್ಣ ಇಲ್ಲಿ ಕೂತು ತಮ್ಮೂರಿನ ಸ್ಟೀಲರ್ಸ್ ತಂಡದ ಪಂದ್ಯವನ್ನು ಕಿವಿಯಲ್ಲೇ ನೋಡುತ್ತಿದ್ದರು.

ಅವರು ನನ್ನನ್ನು ಕೇಳಿದ ಪ್ರಶ್ನೆ ಇಷ್ಟು. "ನಮ್ಮೂರಿನ ಕೆಡಿಕೆಎ ಸ್ಟೇಷನ್ ನೋಡೋಕೆ ನಾನು ದುಡ್ಡು ಕೊಡ್ತೀನಿ. ಕೊಡ್ತೀನಿ ಅಂದರೂ ತಗೊಳ್ಳೋರು ಯಾಕೆ ಇಲ್ಲ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದಾಗ ಎಪ್ಪತ್ತು ವರ್ಷಗಳ ಚರಿತ್ರೆ ಬಿಚ್ಚಿಕೊಂಡಿತು. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ವ್ಯತ್ಯಾಸ ಹೇಳಬೇಕು. ನಮ್ಮಲ್ಲಿ 'ಚಾನಲ್' ಅಂದರೆ ಉಪಗ್ರಹದಿಂದ ಇಡೀ ದೇಶದ ಮೇಲೆ ಬೀಳುವ ಒಂದೇ ಪ್ರಸಾರ. ಬೀದರಿನಲ್ಲಿ ಕಾಣುವ ಧಾರಾವಾಹಿಯೇ ದೆಹಲಿಯ ಕನ್ನಡಿಗರ ಮನೆಯಲ್ಲೂ ಕಾಣುತ್ತದೆ. ಡಿಟಿಎಚ್‌ನವರಿಗೆ ಹೇಳಿ ಆ ಚಾನಲ್ ಸೇರಿಸಿಕೊಂಡರೆ ಆಯಿತು. ಅಮೆರಿಕದಲ್ಲಿ ಟಿವಿ ಬೆಳೆದದ್ದು ಹಾಗಲ್ಲ. ಅಲ್ಲಿ ಲೈಸೆನ್ಸ್ ಸಿಗುವುದು ಊರಿನ ಹೆಸರಿಗೆ. ಸಿಬಿಎಸ್ ಎಂಬ ದೇಶವ್ಯಾಪಿ ನೆಟ್‌ವರ್ಕ್‌ಗೆ ಸೇರಿದ ಸ್ಟೇಷನ್ ಪಿಟ್ಸ್‌ಬರ್ಗ್‌ಗೆ ಒಂದು ಇದ್ದರೆ ಫೀನಿಕ್ಸ್‌ಗೆ ಬೇರೆ ಸಿಬಿಎಸ್ ಸ್ಟೇಷನ್. ರಾತ್ರಿಯ ಧಾರಾವಾಹಿ ಎರಡರಲ್ಲೂ ಒಂದೇ, ಅದು ನೆಟ್‌ವರ್ಕ್‌ನಿಂದ ಬರುತ್ತದೆ. ಸಂಜೆಯ ಸುದ್ದಿ, ಹವಾಮಾನ, ಊರಿನ ಅಂಗಡಿಗಳ ಜಾಹೀರಾತು ಬೇರೆ ಬೇರೆ.

ಹೀಗೆ ಮಾಡಿದ್ದು ಬೇಕೆಂದೇ. 1948ರಲ್ಲಿ ಅಲ್ಲಿನ ಸಂಪರ್ಕ ಆಯೋಗವಾದ ಎಫ್‌ಸಿಸಿ ಹೊಸ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿ, ನಾಲ್ಕು ವರ್ಷ ಲೆಕ್ಕಹಾಕಿ, 1952ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಒಂದು ಪಟ್ಟಿ ಪ್ರಕಟಿಸಿತು. 1,291 ಊರುಗಳಿಗೆ 2,053 ಸ್ಟೇಷನ್ನುಗಳ ಜಾಗ ಅದರಲ್ಲಿತ್ತು. ಕೆಲವೇ ದೊಡ್ಡ ಸ್ಟೇಷನ್ನುಗಳನ್ನು ಎತ್ತರದ ಗೋಪುರಗಳ ಮೇಲೆ ಕೂರಿಸಿ ನಾಲ್ಕಾರು ರಾಜ್ಯಕ್ಕೆ ಪ್ರಸಾರ ಮಾಡಬಹುದಿತ್ತು. ಅವರು ಅದನ್ನು ಒಪ್ಪಲಿಲ್ಲ. ಪ್ರತಿ ಊರಿಗೂ ತನ್ನದೇ ದನಿ ಇರಬೇಕು, ಊರಿನ ಸುದ್ದಿ ಹೇಳುವವರು ಊರಲ್ಲೇ ಇರಬೇಕು ಎಂಬುದು ಅವರ ನಿಲುವು. ಇದು ಒಳ್ಳೆಯ ನಿಲುವು ಎಂದೇ ನಾನು ಈಗಲೂ ನಂಬಿದ್ದೇನೆ.

ಆ ದಿನಗಳಲ್ಲಿ ಬೇಲಿ ಹಾಕುವ ಕೆಲಸ ಮನುಷ್ಯನದಾಗಿರಲಿಲ್ಲ. ಟಿವಿಯ ತರಂಗಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ. ಭೂಮಿ ದುಂಡಗಿದೆ, ನಡುವೆ ಗುಡ್ಡ ಬರುತ್ತದೆ, ಎಂಬತ್ತು ನೂರು ಕಿಲೋಮೀಟರ್ ದಾಟಿದರೆ ಚಿತ್ರ ಮಸುಕಾಗುತ್ತದೆ. ದೂರದ ಊರಿನ ಸ್ಟೇಷನ್ ಕಾಣದಿದ್ದರೆ ಯಾರೂ ಯಾರನ್ನೂ ದೂರುವ ಹಾಗಿರಲಿಲ್ಲ.

ಆದರೂ ಜನ ಸುಮ್ಮನಿರಲಿಲ್ಲ. ಒರೆಗಾನ್ ರಾಜ್ಯದ ಸಮುದ್ರತೀರದಲ್ಲಿ ಅಸ್ಟೋರಿಯಾ ಎಂಬ ಸಣ್ಣ ಊರಿದೆ. ಅಲ್ಲಿ ಎಡ್ ಪಾರ್ಸನ್ಸ್ ಎಂಬ ರೇಡಿಯೊ ತಂತ್ರಜ್ಞರಿದ್ದರು. ಅವರ ಹೆಂಡತಿಗೆ ಟಿವಿ ನೋಡುವ ಆಸೆ. ಹತ್ತಿರದ ಸ್ಟೇಷನ್ ಇದ್ದದ್ದು ಸುಮಾರು 200 ಕಿಲೋಮೀಟರ್ ದೂರದ ಸಿಯಾಟಲ್‌ನಲ್ಲಿ. ಪಾರ್ಸನ್ಸ್ ಊರೆಲ್ಲಾ ಸುತ್ತಿ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಹುಡುಕಿದರು. ಕೊನೆಗೆ ಊರಿನ ದೊಡ್ಡ ಹೋಟೆಲಿನ ಛಾವಣಿಯ ಮೇಲೆ ಸಿಕ್ಕಿತು. 1948ರ ಕೊನೆಗೆ ಅಲ್ಲಿ ಆಂಟೆನಾ ನಿಲ್ಲಿಸಿ, ಎದುರಿಗಿದ್ದ ತಮ್ಮ ಮನೆಗೆ ತಂತಿ ಎಳೆದರು. ಆಮೇಲೆ ನೆರೆಹೊರೆಗೂ ಎಳೆದರು. ಪೆನ್ಸಿಲ್ವೇನಿಯದ ಬೆಟ್ಟಗಳ ಸಂದಿನ ಗಣಿ ಊರುಗಳಲ್ಲೂ ಅದೇ ಕಾಲಕ್ಕೆ ಇಂಥದೇ ಕೆಲಸ ನಡೆಯುತ್ತಿತ್ತು. ಕೇಬಲ್ ಟಿವಿ ಹುಟ್ಟಿದ್ದೇ ದೂರದ ಊರಿನ ಸ್ಟೇಷನ್ ನೋಡಬೇಕೆಂಬ ಹಂಬಲದಿಂದ. ನಮ್ಮ ಪಿಟ್ಸ್‌ಬರ್ಗ್ ಹಿರಿಯರು ಕೇಳಿದ್ದು ಹೊಸದೇನೂ ಅಲ್ಲ.

ಕೇಬಲ್ ಬೆಳೆದ ಹಾಗೆ ವ್ಯಾಜ್ಯಗಳೂ ಬೆಳೆದವು. ನಮ್ಮ ಸಿನಿಮಾವನ್ನು ಪುಕ್ಕಟೆ ಹಂಚುತ್ತಿದ್ದೀರಿ ಎಂದು ನಿರ್ಮಾಪಕರು ಕೋರ್ಟಿಗೆ ಹೋದರು. ಕೇಬಲ್ ಎಂಬುದು ವೀಕ್ಷಕನ ಆಂಟೆನಾದ ಮುಂದುವರಿಕೆ ಅಷ್ಟೇ, ಅದರಿಂದ ಹಕ್ಕುಸ್ವಾಮ್ಯ ಮುರಿದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. 1974ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು. ಸಂಸತ್ತು 1976ರಲ್ಲಿ ಕಾನೂನನ್ನೇ ಬದಲಿಸಿ ನಡುವಿನ ದಾರಿಯೊಂದನ್ನು ಮಾಡಿತು. ಕೇಬಲ್‌ನವರು ಪ್ರತಿ ನಿರ್ಮಾಪಕನ ಬಾಗಿಲು ತಟ್ಟಬೇಕಿಲ್ಲ. ಸರ್ಕಾರ ಗೊತ್ತುಮಾಡಿದ ಶುಲ್ಕವನ್ನು ಕಾಪಿರೈಟ್ ಕಚೇರಿಗೆ ಕಟ್ಟಿದರೆ ದೂರದ ಸ್ಟೇಷನ್ನನ್ನೂ ತೋರಿಸಬಹುದು, ಆ ಹಣ ಹಕ್ಕುದಾರರಿಗೆ ಹಂಚಿಕೆಯಾಗುತ್ತದೆ. ಈ ಏರ್ಪಾಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ವರ್ಷದ ಡಿಸೆಂಬರ್ 17ರಂದು ಟೆಡ್ ಟರ್ನರ್ ಅಟ್ಲಾಂಟದ ತಮ್ಮ ಸಣ್ಣ ಸ್ಟೇಷನ್ನನ್ನು ಉಪಗ್ರಹಕ್ಕೆ ಏರಿಸಿದರು. ದೇಶದ ಮೂಲೆಮೂಲೆಯ ಕೇಬಲ್‌ಗಳು ಅದನ್ನು ಇಳಿಸಿಕೊಂಡವು. ಅಟ್ಲಾಂಟ ಎಲ್ಲಿದೆಯೆಂದು ಗೊತ್ತಿಲ್ಲದವರೂ ಅಲ್ಲಿನ ಬೇಸ್‌ಬಾಲ್ ತಂಡ ಬ್ರೇವ್ಸ್‌ನ ಅಭಿಮಾನಿಗಳಾದರು. ಹಿಂದೆಯೇ ಷಿಕಾಗೋದ ಡಬ್ಲ್ಯೂಜಿಎನ್ ಬಂತು, ಅದರಿಂದ ಕಬ್ಸ್ ತಂಡಕ್ಕೂ ದೇಶವಿಡೀ ನಂಟರು ಹುಟ್ಟಿಕೊಂಡರು. 'ಸೂಪರ್‌ಸ್ಟೇಷನ್' ಎಂಬ ಮಾತು ಬಳಕೆಗೆ ಬಂದದ್ದು ಆಗ. ಒಂದು ಊರಿನ ಸ್ಟೇಷನ್ ದೇಶಕ್ಕೆಲ್ಲಾ ಕಂಡರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾದರೆ ಆ ಬಾಗಿಲು ಮುಚ್ಚಿದ್ದು ಹೇಗೆ?

ಇಲ್ಲಿ ಸ್ಟೇಷನ್ನಿನ ಒಳಗಿನ ಲೆಕ್ಕ ತಿಳಿಯಬೇಕು. ಕೆಡಿಕೆಎಯ ಇಪ್ಪತ್ತನಾಲ್ಕು ಗಂಟೆಯಲ್ಲಿ ಅದು ತಾನೇ ತಯಾರಿಸುವುದು ಬಹುಪಾಲು ಸುದ್ದಿ. ಉಳಿದದ್ದೆಲ್ಲಾ ತಂದದ್ದು. ರಾತ್ರಿಯ ಕಾರ್ಯಕ್ರಮ ನೆಟ್‌ವರ್ಕಿನದು, ಮಧ್ಯಾಹ್ನದ ಮಾತುಕತೆ ಮತ್ತು ಹಳೆಯ ಹಾಸ್ಯ ಧಾರಾವಾಹಿಗಳು ಬೇರೆ ಕಂಪನಿಗಳಿಂದ ಕೊಂಡದ್ದು, ಭಾನುವಾರದ ಪಂದ್ಯ ಲೀಗಿನದು. ಪ್ರತಿಯೊಂದನ್ನೂ 'ಈ ಊರಿಗೆ ಮಾತ್ರ' ಎಂಬ ಕರಾರಿನ ಮೇಲೆ ತಂದಿರುತ್ತಾರೆ. ಅದೇ ಧಾರಾವಾಹಿಯನ್ನು ಫೀನಿಕ್ಸಿನ ಸ್ಟೇಷನ್ ಫೀನಿಕ್ಸಿಗೆ ಮಾತ್ರ ಎಂದು ಕೊಂಡಿರುತ್ತದೆ. ಈಗ ಪಿಟ್ಸ್‌ಬರ್ಗ್ ಸ್ಟೇಷನ್ ಫೀನಿಕ್ಸಿನಲ್ಲೂ ಕಂಡರೆ, ನಾವು ಒಬ್ಬರೇ ತೋರಿಸುತ್ತೇವೆಂದು ದುಡ್ಡು ಕೊಟ್ಟವರ ಗತಿ? ಅವರ ಜಾಹೀರಾತನ್ನು ನೋಡಬೇಕಾದ ಕಣ್ಣುಗಳು ಬೇರೆ ಕಡೆ ಹೋದವು.

ಟಿವಿ ನೋಡುವವರ ಲೆಕ್ಕ ಇಡುವ ನೀಲ್ಸನ್ ಕಂಪನಿ ಅಮೆರಿಕವನ್ನು 210 ಟಿವಿ ಮಾರುಕಟ್ಟೆಗಳಾಗಿ ಹಂಚಿಟ್ಟಿದೆ. ಮೊದಲನೆಯದು ನ್ಯೂಯಾರ್ಕ್, ಕೊನೆಯದು ಮೊಂಟಾನಾದ ಗ್ಲೆಂಡೈವ್, ಅಲ್ಲಿರುವುದು ಕೆಲವೇ ಸಾವಿರ ಮನೆಗಳು. ಜಾಹೀರಾತಿನ ದರ ಲೆಕ್ಕಹಾಕಲು ಎಳೆದ ಈ ಗೆರೆಗಳೇ ನಿಧಾನವಾಗಿ ಕಾನೂನಿನ ಗೆರೆಗಳಾದವು. ದೂರದ ಸ್ಟೇಷನ್ನಿನಲ್ಲಿ ಸ್ಥಳೀಯ ಸ್ಟೇಷನ್ನಿನ ಕಾರ್ಯಕ್ರಮವೇ ಬಂದರೆ ಕೇಬಲ್‌ನವರು ಅದನ್ನು ಮರೆಮಾಡಬೇಕೆಂಬ ನಿಯಮ ಹಿಂದೆಯೂ ಇತ್ತು. ನಡುವೆ ಸಡಿಲಗೊಂಡಿದ್ದ ಅದನ್ನು 1988ರಲ್ಲಿ ಎಫ್‌ಸಿಸಿ ಮತ್ತೆ ಬಿಗಿ ಮಾಡಿತು. ಸೂಪರ್‌ಸ್ಟೇಷನ್ನುಗಳ ಹೊಳಪು ಅಲ್ಲಿಂದ ಕುಂದಿತು.

1992ರ ಕೇಬಲ್ ಕಾಯ್ದೆ ಇನ್ನೊಂದು ಕೀಲಿಯನ್ನು ಸ್ಟೇಷನ್ನುಗಳ ಕೈಗೆ ಕೊಟ್ಟಿತು. ನಮ್ಮನ್ನು ತೋರಿಸಬೇಕಾದರೆ ನಮ್ಮ ಒಪ್ಪಿಗೆ ಬೇಕು, ಒಪ್ಪಿಗೆಗೆ ಬೆಲೆಯಿದೆ ಎಂದು ಕೇಬಲ್ ಕಂಪನಿಗಳಿಗೆ ಹೇಳುವ ಹಕ್ಕು ಅದು. ಅಧ್ಯಕ್ಷ ಜಾರ್ಜ್ ಬುಷ್, ಅಂದರೆ ತಂದೆ ಬುಷ್, ಇದಕ್ಕೆ ತಡೆಯೊಡ್ಡಿದರು. ಅವರ ಅವಧಿಯಲ್ಲಿ ಸಂಸತ್ತು ಅವರ ತಡೆಯನ್ನು ಮೀರಿ ಜಾರಿಗೆ ತಂದದ್ದು ಇದೊಂದೇ ಮಸೂದೆ. ಮೊದಮೊದಲು ಈ ಹಕ್ಕಿನಿಂದ ಹೆಚ್ಚು ದುಡ್ಡು ಹುಟ್ಟಲಿಲ್ಲ. ಇವತ್ತು ಅಮೆರಿಕದ ಸ್ಟೇಷನ್ನುಗಳಿಗೆ ಜಾಹೀರಾತಿನ ಜೊತೆಗೆ ನಿಂತಿರುವ ಎರಡನೆಯ ಕಂಬ ಅದು. ಕೇಬಲ್ ಬಿಲ್ಲಿನಲ್ಲಿ ಅದಕ್ಕೆಂದೇ ಪ್ರತ್ಯೇಕ ಸಾಲು ಇರುತ್ತದೆ. ಹಿಂದೆ ತಮ್ಮ ಕಾರ್ಯಕ್ರಮ ತೋರಿಸಿದ್ದಕ್ಕೆ ನೆಟ್‌ವರ್ಕ್‌ಗಳು ಸ್ಟೇಷನ್ನುಗಳಿಗೆ ಹಣ ಕೊಡುತ್ತಿದ್ದವು. ಈಗ ಅದು ತಿರುಗಿದೆ, ಸ್ಟೇಷನ್ನುಗಳೇ ಈ ಹಣದಲ್ಲಿ ಪಾಲು ತೆಗೆದು ನೆಟ್‌ವರ್ಕ್‌ಗೆ ಕೊಡುತ್ತವೆ. ಈ ಕೊಡುಕೊಳ್ಳುವಿಕೆಯೆಲ್ಲಾ ನಿಂತಿರುವುದು 'ಈ ಊರಿನಲ್ಲಿ ನಾನೊಬ್ಬನೇ' ಎಂಬ ಒಂದು ಮಾತಿನ ಮೇಲೆ.

ನನ್ನ ಪಕ್ಕದ ಮನೆಯವರ ಪ್ರಶ್ನೆಗೆ ಉತ್ತರ ಇಲ್ಲಿದೆ. ಅವರ ದುಡ್ಡು ಯಾರಿಗೂ ಬೇಡವೆಂದಲ್ಲ. ಅವರಿಗೆ ಬೇಕಾದದ್ದನ್ನು ಮಾರುವ ಹಕ್ಕು ಯಾರೊಬ್ಬರ ಕೈಯಲ್ಲೂ ಪೂರ್ತಿ ಇಲ್ಲ. ಪಿಟ್ಸ್‌ಬರ್ಗ್ ಸ್ಟೇಷನ್ನಿಗೆ ಫೀನಿಕ್ಸಿನಲ್ಲಿ ಮಾರಲು ಹಕ್ಕಿಲ್ಲ. ನೆಟ್‌ವರ್ಕ್ ಆ ಹಕ್ಕನ್ನು ಫೀನಿಕ್ಸಿನವರಿಗೆ ಕೊಟ್ಟು ಕೂತಿದೆ. ಫೀನಿಕ್ಸಿನವರ ಹತ್ತಿರ ಪಿಟ್ಸ್‌ಬರ್ಗಿನ ಸುದ್ದಿ ಇಲ್ಲ.

ಭಾಗವಾಗದ ಮನೆಯಂತೆ ಇದು. ಎಲ್ಲ ಪಾಲುದಾರರೂ ಸಹಿ ಹಾಕದೆ ಒಂದು ಕೋಣೆಯನ್ನೂ ಬಾಡಿಗೆಗೆ ಕೊಡಲಾಗದು. ಪಾಲುದಾರರೆಲ್ಲಾ ಒಂದು ಕಡೆ ಸೇರಿದಾಗ ಬಾಗಿಲು ತೆರೆದಿದೆ ಎನ್ನುವುದನ್ನೂ ಹೇಳಬೇಕು. ಫುಟ್‌ಬಾಲ್ ಲೀಗ್ ತನ್ನೆಲ್ಲ ತಂಡಗಳ ಹಕ್ಕನ್ನು ಒಟ್ಟಿಗೆ ಇಟ್ಟುಕೊಂಡಿದೆ. ಅದರಿಂದಲೇ 1994ರಿಂದ 'ಸಂಡೇ ಟಿಕೆಟ್' ಎಂಬ ಹೆಸರಿನಲ್ಲಿ ಬೇರೆ ಊರಿನ ಪಂದ್ಯಗಳನ್ನು ಮಾರುತ್ತಿದೆ. ಅದು ದುಬಾರಿ. ಸಿಗುವುದು ಪಂದ್ಯ ಮಾತ್ರ, ಊರಿನ ಸ್ಟೇಷನ್ ಅಲ್ಲ. ನಮ್ಮ ಹಿರಿಯರಿಗೆ ಅದು ಕೈಗೆಟುಕಲಿಲ್ಲ.

ಉಪಗ್ರಹದ ಕಥೆ ಇನ್ನೂ ಮನಮುಟ್ಟುವಂಥದು. 1988ರ ಕಾಯ್ದೆ ಡಿಶ್ ಹಾಕಿಸಿಕೊಂಡ ಹಳ್ಳಿಗರಿಗೆ ದೂರದ ನೆಟ್‌ವರ್ಕ್ ಸ್ಟೇಷನ್ ಕೊಡಲು ಅನುಮತಿ ನೀಡಿತು, ಆದರೆ ಆ ಮನೆ 'ಸೇವೆ ಸಿಗದ ಮನೆ' ಆಗಿರಬೇಕು. ಛಾವಣಿಯ ಆಂಟೆನಾಕ್ಕೆ ಸ್ಥಳೀಯ ಸ್ಟೇಷನ್ ಸಿಗುವಂತಿದ್ದರೆ ನ್ಯೂಯಾರ್ಕಿನದು ಸಿಗುವುದಿಲ್ಲ. ಕಂಪನಿಗಳು ಈ ಷರತ್ತನ್ನು ಗಾಳಿಗೆ ತೂರಿ ಕೇಳಿದವರಿಗೆಲ್ಲಾ ಕೊಟ್ಟವು. 1998ರಲ್ಲಿ ಮಯಾಮಿಯ ಫೆಡರಲ್ ಕೋರ್ಟು ಅದನ್ನು ತಡೆಯಿತು. ಲಕ್ಷಾಂತರ ಮನೆಗಳ ಪರದೆ ಆರುವ ಹೊತ್ತು ಬಂದಾಗ ಸಂಸತ್ತು 1999ರಲ್ಲಿ ಹೊಸ ಕಾಯ್ದೆ ಮಾಡಿ, ಊರಿನ ಸ್ಟೇಷನ್ನನ್ನು ಅದೇ ಊರಿಗೆ ಉಪಗ್ರಹದಿಂದ ಇಳಿಸಲು ಅವಕಾಶ ಕೊಟ್ಟಿತು. ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಹೋದ ಚಿತ್ರವನ್ನು ಟಾರ್ಚಿನ ಬೆಳಕಿನ ಹಾಗೆ ಕಿರಿದು ಮಾಡಿ ಮತ್ತೆ ಅದೇ ಊರಿನ ಸುತ್ತ ಬೀಳುವಂತೆ ಮಾಡುವ ಉಪಗ್ರಹಗಳನ್ನೇ ಕಟ್ಟಿದರು. ಆಕಾಶದಿಂದಲೂ ಊರಿಗೆ ಬೇಲಿ ಹಾಕಬಹುದೆಂದು ನಾನು ಅದನ್ನು ಓದುವ ತನಕ ಊಹಿಸಿರಲಿಲ್ಲ.

ಅದೇ 1999ರ ಕಾಯ್ದೆಯಲ್ಲಿ ಒಂದು ಸಣ್ಣ ಕಿಟಕಿ ಉಳಿಯಿತು. ದೂರಪ್ರಯಾಣದ ಲಾರಿಗಳನ್ನೂ ಮನೆಯಂತೆ ಕಟ್ಟಿದ ಪ್ರವಾಸದ ವಾಹನಗಳನ್ನೂ 'ಸೇವೆ ಸಿಗದ ಮನೆ' ಎಂದೇ ಎಣಿಸಬೇಕು ಎಂದಿತು. ಗಾಡಿಯ ನೋಂದಣಿ ಪತ್ರದ ಪ್ರತಿ ಕೊಟ್ಟರೆ ಲಾರಿ ಚಾಲಕನಿಗೆ ದೂರದ ಸ್ಟೇಷನ್ ಸಿಗುತ್ತದೆ. 2019ರಲ್ಲಿ ಕಾನೂನನ್ನು ಮತ್ತೆ ತಿದ್ದಿದಾಗ ದೂರದ ಸ್ಟೇಷನ್ ಪಡೆಯುವ ಹಕ್ಕನ್ನು ಬಹುತೇಕ ಎಲ್ಲರಿಂದ ತೆಗೆದರೂ ಲಾರಿಗಳಿಗೆ, ಪ್ರವಾಸದ ವಾಹನಗಳಿಗೆ, ಪೂರ್ತಿ ನೆಟ್‌ವರ್ಕ್‌ಗಳಿಲ್ಲದ ಕೆಲವು ಮಾರುಕಟ್ಟೆಗಳಿಗೆ ಶಾಶ್ವತವಾಗಿ ಉಳಿಸಿದರು. ನಾನು ಇದನ್ನು ಓದಿದ ದಿನ ಪಕ್ಕದ ಮನೆಯ ಹಿರಿಯರು ಕಣ್ಣ ಮುಂದೆ ಬಂದರು. ಚಲಿಸುವ ಗಾಡಿಯಲ್ಲಿ ಮಲಗುವವನಿಗೆ ಕಾನೂನು ಕರುಣೆ ತೋರಿತು. ಊರು ಬಿಟ್ಟು ಬಂದು ಬೇರೆ ಊರಿನಲ್ಲಿ ಗಟ್ಟಿ ಗೋಡೆಯ ನಡುವೆ ಕೂತವನನ್ನು ಅದು ಎಣಿಸಲೇ ಇಲ್ಲ.

ಗೆರೆ ತಪ್ಪಾಗಿ ಬಿದ್ದರೆ ಊರು ಬಿಡದವರೂ ಪರದೇಶಿಗಳಾಗುತ್ತಾರೆ. ಕೊಲೊರಾಡೊದ ನೈಋತ್ಯದಲ್ಲಿ ಲಾ ಪ್ಲಾಟಾ ಎಂಬ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದು, ಇದೆ, ಅಲ್ಲಿನ ಮುಖ್ಯ ಊರು ಡುರಾಂಗೊ. ನೀಲ್ಸನ್ ಗೆರೆಯ ಪ್ರಕಾರ ಅದು ನೆರೆಯ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಮಾರುಕಟ್ಟೆಗೆ ಸೇರಿದ್ದು. ಅಲ್ಲಿಯ ಜನರಿಗೆ ಡಿಶ್‌ನಲ್ಲಿ ತಮ್ಮ ರಾಜಧಾನಿ ಡೆನ್ವರಿನ ಸುದ್ದಿಯ ಬದಲು ಪಕ್ಕದ ರಾಜ್ಯದ ಸುದ್ದಿ ಬರುತ್ತಿತ್ತು, ತಾವು ಮತ ಹಾಕಲಾಗದ ಅಭ್ಯರ್ಥಿಗಳ ಜಾಹೀರಾತು ಬರುತ್ತಿತ್ತು. 2014ರ ಕಾಯ್ದೆ ಇಂಥ ಕೌಂಟಿಗಳಿಗೆ ಅರ್ಜಿ ಹಾಕುವ ದಾರಿ ಮಾಡಿಕೊಟ್ಟಿತು. ಲಾ ಪ್ಲಾಟಾದ ಅರ್ಜಿಗೆ ಎಫ್‌ಸಿಸಿ ಒಪ್ಪಿದ್ದು 2017ರಲ್ಲಿ. ತಮ್ಮ ರಾಜ್ಯದ ಟಿವಿಯನ್ನು ನೋಡಲು ಒಂದು ಕೌಂಟಿ ಕೇಂದ್ರ ಸರ್ಕಾರದ ಬಾಗಿಲಿಗೆ ಹೋಗಬೇಕಾಯಿತು.

ಇನ್ನು ಇಂಟರ್‌ನೆಟ್. ಇಂಟರ್‌ನೆಟ್ ಬಂದ ಮೇಲೆ ದೂರದ ಮಾತೇ ಉಳಿಯಲಿಲ್ಲ, ಹಾಗಾಗಿ ಜಗಳವೆಲ್ಲಾ ಕಾನೂನಿನ ಮೇಲೇ ಬಂದು ನಿಂತಿತು. 1976ರ ಶುಲ್ಕದ ಏರ್ಪಾಟನ್ನು ನೆನಪಿಟ್ಟುಕೊಳ್ಳಿ ಎಂದೆನಲ್ಲ, ಇಂಟರ್‌ನೆಟ್ ಕಂಪನಿಗಳು ಕೇಳಿದ್ದು ಅದನ್ನೇ. ನಾವೂ ಕೇಬಲ್‌ನಂತೆಯೇ, ಶುಲ್ಕ ಕಟ್ಟುತ್ತೇವೆ, ಬಿಡಿ ಎಂದರು. ಸಿಯಾಟಲ್‌ನ ಐವಿ ಎಂಬ ಕಂಪನಿ 2010ರಲ್ಲಿ ಹಾಗೆ ಶುರುಮಾಡಿತು. 2012ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ, ಆ ಏರ್ಪಾಟು ಇಂಟರ್‌ನೆಟ್‌ಗಲ್ಲ ಎಂದಿತು.

ಅದೇ ವರ್ಷ ಏರಿಯೊ ಬಂತು. ಭೋಪಾಲ್‌ನಲ್ಲಿ ಓದಿ ಅಮೆರಿಕಕ್ಕೆ ಹೋದ ಚೈತನ್ಯ ಕನೋಜಿಯಾ ಅದನ್ನು ಕಟ್ಟಿದವರು. ಬ್ರೂಕ್ಲಿನ್‌ನ ಒಂದು ಕಟ್ಟಡದಲ್ಲಿ ಚಿಕ್ಕ ನಾಣ್ಯದಷ್ಟು ಗಾತ್ರದ ಸಾವಿರಾರು ಆಂಟೆನಾಗಳನ್ನು ಸಾಲಾಗಿ ಜೋಡಿಸಿದರು. ನೀವು ಟಿವಿ ಹಾಕಿದಾಗ ಅದರಲ್ಲೊಂದು ನಿಮಗೆಂದೇ ಮೀಸಲಾಗುತ್ತಿತ್ತು. ಅದು ಹಿಡಿದ ಚಿತ್ರ ಇಂಟರ್‌ನೆಟ್‌ನಲ್ಲಿ ನಿಮಗೊಬ್ಬರಿಗೇ ಬರುತ್ತಿತ್ತು. ನಿಮ್ಮ ಛಾವಣಿಯ ಆಂಟೆನಾ ಬ್ರೂಕ್ಲಿನ್‌ನಲ್ಲಿದೆ, ಅಷ್ಟೇ ಎಂಬುದು ಅವರ ವಾದ. ತಿಂಗಳಿಗೆ ಎಂಟು ಡಾಲರ್. ಇಷ್ಟು ಮಾಡಿಯೂ ಅವರು ನ್ಯೂಯಾರ್ಕಿನ ಸ್ಟೇಷನ್ನನ್ನು ನ್ಯೂಯಾರ್ಕಿನವರಿಗಷ್ಟೇ ಕೊಡುತ್ತಿದ್ದರು. ಆದರೂ ಉಳಿಯಲಿಲ್ಲ. 2014ರ ಜೂನ್ 25ರಂದು ಸುಪ್ರೀಂ ಕೋರ್ಟ್ ಆರು ಮೂರರ ಬಹುಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಇದು ಕೇಬಲ್‌ನಂತೆಯೇ ಕಾಣುತ್ತದೆ, ಆದ್ದರಿಂದ ಇದು ಸಾರ್ವಜನಿಕ ಪ್ರದರ್ಶನ ಎಂಬುದು ನ್ಯಾಯಮೂರ್ತಿ ಬ್ರೇಯರ್ ಬರೆದ ತೀರ್ಪಿನ ತಿರುಳು. ಕೇಬಲ್‌ನಂತೆ ಇದ್ದರೆ ಕೇಬಲ್‌ನ ಶುಲ್ಕದ ದಾರಿಯನ್ನೂ ಕೊಡಿ ಎಂದು ಏರಿಯೊ ಕೆಳಗಿನ ಕೋರ್ಟಿಗೆ ಹೋಯಿತು. ಅದೂ ಸಿಗಲಿಲ್ಲ. ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಹೊಣೆ ಕೇಬಲ್ಲಿನದು, ಹಕ್ಕು ಮಾತ್ರ ಇಲ್ಲ. ಈ ತೀರ್ಪುಗಳನ್ನು ಓದಿ ನನಗೆ ನಿಜಕ್ಕೂ ನೋವಾಯಿತು.

2018ರಲ್ಲಿ ಬಂದ ಲೋಕಾಸ್ಟ್ ಲಾಭಕ್ಕಲ್ಲದ ಸಂಸ್ಥೆ. ಲಾಭವಿಲ್ಲದೆ ಮರುಪ್ರಸಾರ ಮಾಡುವವರಿಗೆ ಕಾನೂನಿನಲ್ಲಿರುವ ವಿನಾಯಿತಿಯನ್ನು ಅದು ಹಿಡಿದುಕೊಂಡಿತ್ತು. ಅದೂ ಆಯಾ ಊರಿನವರಿಗೆ ಮಾತ್ರ. 36 ಮಾರುಕಟ್ಟೆಗಳಿಗೆ ಬೆಳೆದ ಮೇಲೆ, ಜನರಿಂದ ಬಂದ ಹಣವನ್ನು ಹೊಸ ಊರುಗಳಿಗೆ ಹಬ್ಬಲು ಬಳಸಿದ್ದು ವಿನಾಯಿತಿಗೆ ಹೊಂದುವುದಿಲ್ಲವೆಂದು ಕೋರ್ಟು ಹೇಳಿತು. 2021ರ ಸೆಪ್ಟೆಂಬರ್‌ನಲ್ಲಿ ಅದು ನಿಂತಿತು.

ಉಳಿದದ್ದು ಒಂದು ಪೆಟ್ಟಿಗೆ. 2002ರಲ್ಲಿ ಬ್ಲೇಕ್ ಮತ್ತು ಜೇಸನ್ ಕ್ರಿಕೋರಿಯನ್ ಎಂಬ ಅಣ್ಣತಮ್ಮಂದಿರು ಊರೂರು ತಿರುಗುತ್ತಿದ್ದಾಗ ತಮ್ಮ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಬೇಸ್‌ಬಾಲ್ ನೋಡಲಾಗದೆ ಚಡಪಡಿಸಿ ಸ್ಲಿಂಗ್‌ಬಾಕ್ಸ್‌ನ ಯೋಚನೆ ಮಾಡಿದರು, 2005ರಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ಅದನ್ನು ಮನೆಯ ಟಿವಿಗೆ ಜೋಡಿಸಿದರೆ ಆ ಟಿವಿ ನೀವಿರುವಲ್ಲಿಗೆ ಬರುತ್ತಿತ್ತು. ಆದರೆ ಪೆಟ್ಟಿಗೆ ಇಡಲು ಊರಿನಲ್ಲಿ ನಿಮ್ಮದೊಂದು ಮನೆ ಬೇಕು. 2022ರ ನವೆಂಬರ್ 9ರಂದು ಅದರ ಸರ್ವರ್‌ಗಳೂ ನಿಂತವು. ಇವತ್ತು ಯೂಟ್ಯೂಬ್ ಟಿವಿಯಂಥ ಸೇವೆಗಳು ಸ್ಟೇಷನ್ನುಗಳ ಜೊತೆ ಕರಾರು ಮಾಡಿಕೊಂಡೇ ನಡೆಯುತ್ತಿವೆ. ನೀವು ಪಯಣಿಸಿದರೆ ಹೋದ ಊರಿನ ಸ್ಟೇಷನ್ ತೋರಿಸುತ್ತವೆ. ಮೂರು ತಿಂಗಳಿಗೊಮ್ಮೆಯಾದರೂ ನಿಮ್ಮ ಊರಿನಲ್ಲಿ ಲಾಗಿನ್ ಆಗಬೇಕು.

ಸ್ಟೇಷನ್ನುಗಳ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಬೇಲಿ ಪೂರ್ತಿ ಕಿತ್ತರೆ ಗ್ಲೆಂಡೈವ್‌ನಂಥ ಊರಿನ ಸ್ಟೇಷನ್ ಏನಾಗುತ್ತದೆ? ಎಲ್ಲರೂ ನ್ಯೂಯಾರ್ಕಿನದನ್ನೇ ಹಾಕಿಕೊಂಡರೆ ಅಲ್ಲಿನ ಸುದ್ದಿಕೋಣೆಗೆ ಸಂಬಳ ಎಲ್ಲಿಂದ? ಈ ಭಯ ಸುಳ್ಳಲ್ಲ. ಆದರೆ ಬೇಲಿ ಕಾಯುತ್ತಿರುವುದು ತಂದ ಸರಕನ್ನು. ಊರಿನ ಸುದ್ದಿಗೆ ಬೇಲಿ ಬೇಕಾಗಿಯೇ ಇಲ್ಲ, ಅದು ಸ್ಟೇಷನ್ನಿನ ಸ್ವಂತ ಬೆಳೆ.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ಸೀಮೆಗೆ ಅಪ್ಪಳಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ಆ ಊರಿನ ಡಬ್ಲ್ಯೂಡಬ್ಲ್ಯೂಎಲ್ ಸ್ಟೇಷನ್ನಿನವರು ಬ್ಯಾಟನ್ ರೂಜ್‌ನ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಂದ ಪ್ರಸಾರ ಮುಂದುವರಿಸಿದರು, ಇಂಟರ್‌ನೆಟ್‌ನಲ್ಲೂ ಬಿಟ್ಟರು. ಹ್ಯೂಸ್ಟನ್ನಿನಲ್ಲೋ ಅಟ್ಲಾಂಟದಲ್ಲೋ ಇದ್ದವನು ತನ್ನ ಬೀದಿಯಲ್ಲಿ ನೀರು ಎಲ್ಲಿಗೆ ಬಂದಿದೆ ಎಂದು ಕೇಳಲು ಹಾತೊರೆಯುತ್ತಿದ್ದ. ಆ ದಿನಗಳಲ್ಲಿ ತೆರೆಯ ಮೇಲೆ ಇದ್ದದ್ದೆಲ್ಲಾ ಅವರದೇ ಸುದ್ದಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ.

ಈಗ ಅಮೆರಿಕದ ಎಷ್ಟೋ ಸ್ಟೇಷನ್ನುಗಳು ಸುದ್ದಿಯನ್ನಷ್ಟೇ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಕೊಡುತ್ತಿವೆ. ಕೆಡಿಕೆಎಯ ಸುದ್ದಿಯೂ ಹಾಗೆ ಸಿಗುತ್ತದೆ. ಇದು ಅರ್ಧ ದಾರಿ. ಉಳಿದ ಅರ್ಧಕ್ಕೆ 1976ರ ಏರ್ಪಾಟನ್ನೇ ಇಂಟರ್‌ನೆಟ್‌ಗೂ ಹಿಗ್ಗಿಸಬಹುದು ಎಂಬುದು ನನ್ನ ಅಭಿಪ್ರಾಯ. ಊರು ಬಿಟ್ಟವನು ತನ್ನ ಊರಿನ ಒಂದೇ ಒಂದು ಸ್ಟೇಷನ್ನನ್ನು ಆರಿಸಿಕೊಳ್ಳಲಿ, ಶುಲ್ಕ ಕಟ್ಟಲಿ, ಅದರಲ್ಲಿ ಹಕ್ಕುದಾರರಿಗೂ ಅವನು ಈಗಿರುವ ಊರಿನ ಸ್ಟೇಷನ್ನಿಗೂ ಪಾಲು ಹೋಗಲಿ. ಲಾರಿ ಚಾಲಕನಿಗೆ ಮಾಡಿಕೊಟ್ಟ ಕಿಟಕಿಯನ್ನು ಇನ್ನಷ್ಟು ಅಗಲ ಮಾಡಿದರೆ ಸಾಕು.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹುಡುಗಿಯೊಬ್ಬಳು, "ಸರ್, ನೀವು ಅಲ್ಲಿದ್ದಾಗ ನಿಮ್ಮೂರಿನದು ಏನು ನೋಡ್ತಿದ್ರಿ?" ಎಂದು ಕೇಳಿದಳು. ನೋಡುತ್ತಿರಲಿಲ್ಲಮ್ಮ, ಕೇಳುತ್ತಿದ್ದೆ ಎಂದೆ. ಆಕಾಶವಾಣಿಯವರು ತಮ್ಮ ಕೇಂದ್ರಗಳನ್ನು ಆ್ಯಪ್‌ನಲ್ಲಿ ಬಿಟ್ಟಿದ್ದಾರೆ. ಧಾರವಾಡದಲ್ಲಿ ಬೆಳಗಿನ ಆರೂವರೆಯಾದರೆ ಫೀನಿಕ್ಸಿನಲ್ಲಿ ಹಿಂದಿನ ಸಂಜೆಯ ಆರು. ನಾನು ಅಂಗಳದಲ್ಲಿ ಕೂತು ಧಾರವಾಡ ಕೇಂದ್ರ ಹಾಕಿಕೊಂಡಿರುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಹಿರಿಯರು ಬೇಲಿಯ ಹತ್ತಿರ ಬಂದು ನಿಂತರು. ಇದೇನೆಂದು ಕೇಳಿದರು. ನಮ್ಮೂರಿನ ರೇಡಿಯೊ ಅಂದೆ. ಎಷ್ಟು ದೂರ ಅಂದರು. ಹದಿನಾಲ್ಕು ಸಾವಿರ ಕಿಲೋಮೀಟರ್‌ಗೂ ಹೆಚ್ಚು ಅಂದೆ. ಭಾಷೆ ಅರ್ಥವಾಗದಿದ್ದರೂ ಅವರು ಆ ಹಾಡು ಮುಗಿಯುವ ತನಕ ಅಲ್ಲೇ ನಿಂತಿದ್ದರು.